ಎಡಗಡೆಯ ಪದಕ

ಮಗಳು ಮೆಹನಾಜ್ ಪದಕ ಕೇಳಿದಾಗ ವಸೀಮಾ ಬೇಗಂ ಹಿಂದೆಮುಂದೆ ನೋಡಲಿಲ್ಲ. ಲಿಂಗಸೂಗೂರಿನ ಒಂದು ಖಾಸಗಿ ಶಾಲೆಯಲ್ಲಿ ಮೆಹನಾಜ್ ಟೀಚರು. ಕಾರ್ಗಿಲ್ ದಿನಕ್ಕೆ ಮಕ್ಕಳಿಗೆ ತೋರಿಸಬೇಕಂತೆ. ಇಪ್ಪತ್ತಾರು ವರ್ಷದಲ್ಲಿ ಮಗಳು ಆ ಪದಕದ ಸುದ್ದಿ ಎತ್ತಿದ್ದೇ ಅದು ಮೊದಲು. ಮೆತ್ತನೆ ಬಟ್ಟೆಯಲ್ಲಿ ಒರೆಸಿ ಕೊಟ್ಟು ಕಳಿಸಿದರು. ಸಮಾರಂಭದ ದಿನ ತಾವೂ ಮಸ್ಕಿಯಿಂದ ಬೆಳಗಿನ ಬಸ್ಸಿಗೇ ಹೊರಟರು.

ವಸೀಮಾ ಸೇನೆಯಲ್ಲಿ ನರ್ಸ್ ಆಗಿದ್ದವರು. ಕಾರ್ಗಿಲ್ ಯುದ್ಧ ಶುರುವಾದಾಗ ಮೆಹನಾಜ್ ಎಂಟು ತಿಂಗಳ ಕೂಸು. ರಜೆ ರದ್ದಾಗಿದೆ, ಹೊರಟು ಬನ್ನಿ ಎಂದು ತಂತಿ ಬಂತು. ಕೂಸನ್ನು ಸಿಂಧನೂರಿನ ಅಕ್ಕ ಜೈನಾಬೀಯ ಮಡಿಲಿಗೆ ಹಾಕಿ ಶ್ರೀನಗರದ ಸೇನಾ ಆಸ್ಪತ್ರೆ ಸೇರಿದರು. ಹಿಮಕ್ಕೆ ಕಪ್ಪಾದ ಬೆರಳುಗಳು, ಗುಂಡು ಹೊಕ್ಕ ಹೊಟ್ಟೆಗಳು. ಹಾಲು ಕಟ್ಟಿ ಎದೆ ಕಲ್ಲಾದಾಗ ಸ್ಟೋರ್ ರೂಮಿನ ಗೋಡೆಗೆ ಮುಖಮಾಡಿ ಹಿಂಡಿ ಚೆಲ್ಲುವುದು, ಕೈ ತೊಳೆದು ಮತ್ತೆ ವಾರ್ಡಿಗೆ. ಪದಕ ಸಿಕ್ಕಿದ್ದು ಆ ಸೇವೆಗೇ. ಗಂಡ ಖಾದರಬಾಷಾ ಸೇನೆಯ ಲಾರಿ ಚಾಲಕ; ಆ ವರ್ಷವೆಲ್ಲ ಇದ್ದದ್ದು ಪುಣೆಯ ಡಿಪೊದಲ್ಲಿ. ಅವರು ತೀರಿಕೊಂಡು ಮೂರು ವರ್ಷವಾಯಿತು.

ಸಭೆಗೆ ಕಾಲಿಟ್ಟ ವಸೀಮಾ ಅಲ್ಲೇ ನಿಂತುಬಿಟ್ಟರು. ವೇದಿಕೆಯ ಮೇಲೆ ಖಾದರಬಾಷಾರ ಫೋಟೊ, ‘ಕಾರ್ಗಿಲ್ ವೀರ’ ಎಂಬ ಬ್ಯಾನರು. ಫೋಟೊದ ಕೆಳಗೆ ಕೆಂಪು ಮಖಮಲ್ಲಿಗೆ ಚುಚ್ಚಿದ್ದು ವಸೀಮಾರ ಪದಕ.

ತನ್ನ ಆರು ತಿಂಗಳ ಮಗುವನ್ನು ಹೆಗಲಿಗೆ ಹಾಕಿಕೊಂಡು ಮೆಹನಾಜ್ ಓಡಿಬಂದಳು.

"ಅಮ್ಮೀ, ಸಿಟ್ಟಾಗಬ್ಯಾಡ. ಅಬ್ಬಾನ ಹೆಸರು ನಾನ ಕೊಟ್ಟೀನಿ."

"ನಿಮ್ಮಬ್ಬಾ ಆವಾಗ ಡಿಪೊದಾಗ ಟೈರ್ ಬದಲಾಯಿಸಾಕತ್ತಿದ್ರಲ್ಲ ಬೇಟಾ!"

"ಸಣ್ಣಾಕಿ ಇದ್ದಾಗಿಂದ ಎಲ್ಲಾರಿಗೂ ಹಂಗ ಹೇಳೀನಿ. ಅಬ್ಬಾ ಯುದ್ಧಕ್ಕ ಹೋಗಿದ್ರು ಅಂದ್ರ ಶಹಬ್ಬಾಸ್ ಅಂತಾರ. ಅಮ್ಮೀ ಹೋಗಿದ್ಲು ಅಂದ್ರ, ಮೊಲಿ ಕುಡಿಯೋ ಕೂಸು ಬಿಟ್ಟು ಹೆಂಗ ಹೋದಳವ್ವಾ ಅಂತ ಕೇಳ್ತಾರ. ಏನ್ ಹೇಳ್ಲಿ? ಈಗ ನನಗೂ ಕೂಸೈತಿ. ನೀ ಹೆಂಗ ಹೋದಿ, ನನಗಂತೂ ತಿಳಿಯಂಗಿಲ್ಲ."

ಅಕ್ಕ ಚುಚ್ಚಿ ಮಾತಾಡಿದ್ದುಂಟು, ಓಣಿಯವರು ಆಡಿಕೊಂಡದ್ದುಂಟು. ಮಗಳು ಮಾತ್ರ ತಮ್ಮ ಕಡೆಗಿದ್ದಾಳೆ ಎಂದೇ ವಸೀಮಾ ಇಷ್ಟು ವರ್ಷ ನಂಬಿದ್ದರು.

"ವೀರಯೋಧರ ಧರ್ಮಪತ್ನಿ ವೇದಿಕೆಗೆ ಬರಬೇಕು," ಎಂದಿತು ಮೈಕು.

ಹೋದರು. ಶಾಲು ಹೊದಿಸುವ ಮೊದಲೇ ಪದಕ ಬಿಚ್ಚಿ ಸೆರಗಿನ ಎಡಗಡೆಗೆ ಚುಚ್ಚಿಕೊಂಡರು. ಹಿಂದೆ ಎನ್‌ಸಿಸಿ ನಡೆಸಿದ್ದ ಹೆಡ್‌ಮಾಸ್ಟರ್ ರಾಜೇಶ ಬಗ್ಗಿ ಪಿಸುಗುಟ್ಟಿದರು.

"ಅಮ್ಮಾರ, ತೀರಿಕೊಂಡವರ ಪದಕ ಮನಿಯವರು ಬಲಗಡೆ ಹಾಕ್ಕೋಬೇಕ್ರಿ. ಎಡಗಡೆ ಗಳಿಸಿದವರಿಗಷ್ಟ."

"ಗೊತ್ತೈತ್ರಿ ಸರ. ಅಂಚಿನ ಮ್ಯಾಲ ಹೆಸರು ಕೆತ್ಯಾರ. ಜೋರಾಗಿ ಓದ್ರಿ."

ರಾಜೇಶ ಕನ್ನಡಕ ಸರಿಮಾಡಿಕೊಂಡು ಅಂಚು ನೋಡಿದರು. ಆಮೇಲೆ ಮೆಹನಾಜ್ ಕಡೆ. ಅವಳು ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದಳು.

"ಓದ್ರಿ ಸರ."

"ಕ್ಯಾಪ್ಟನ್... ವಸೀಮಾ ಬೇಗಂ. ಮಿಲಿಟರಿ ನರ್ಸಿಂಗ್ ಸರ್ವಿಸ್."

ಮಕ್ಕಳು ಏನೂ ತಿಳಿಯದೆ ಚಪ್ಪಾಳೆ ತಟ್ಟಿದರು. ಮೆಹನಾಜ್ ಮಗುವನ್ನು ಅವಚಿಕೊಂಡು ಹಿಂದಿನ ಬಾಗಿಲಿನಿಂದ ಹೊರಗೆ ನಡೆದಳು. ವಸೀಮಾ ಕರೆಯಲೆಂದು ಬಾಯಿ ತೆರೆದರು. ಎದುರಿಗೆ ಮೈಕಿತ್ತು. ಕರೆದರೆ ಇಡೀ ಸಭೆಗೆ ಕೇಳುತ್ತದೆಂದು ಬಾಯಿ ಮುಚ್ಚಿದರು.