ಮಾಳಿಗೆ ಮೇಲಿನ ಆಕಾಶಮಲ್ಲಿಗೆ

ಬೈಲಹೊಂಗಲದ ನಮ್ಮ ತವರುಮನೆಗೆ ಮಣ್ಣಿನ ಮಾಳಿಗೆ. ತೊಲೆ, ಜಂತಿ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ದಪ್ಪಗೆ ಹಾಸಿದ ಸವಳು ಮಣ್ಣು. ಆ ಮಣ್ಣು ನೀರು ಕುಡಿಯುವುದಿಲ್ಲ ಎಂಬ ಭರವಸೆಯ ಮೇಲೆ ಊರಿನ ಹಳೆಯ ಮನೆಗಳೆಲ್ಲ ನಿಂತಿವೆ. ಬಿದ್ದ ಮಳೆ ಮಾತ್ರ ಮೇಲೆ ನಿಲ್ಲಬಾರದು. ಅದಕ್ಕಾಗಿ ಇಳಿಜಾರಿನ ಮೂಲೆಯಲ್ಲಿ ಗೋಡೆಯಾಚೆ ಚಾಚಿದ ಕಾಲುವೆಯಂಥ ಒಂದು ದೋಣಿ ಇಟ್ಟಿರುತ್ತಾರೆ. ನೀರು ಅದರ ಬಾಯಿಂದ ಹಿತ್ತಲಿಗೆ ಧುಮುಕುತ್ತದೆ.

ಆ ಹಿತ್ತಲಲ್ಲೇ, ಅಡುಗೆಮನೆಯ ಗೋಡೆಗೆ ತೀರ ಹತ್ತಿರ, ಅವ್ವ ಆಕಾಶಮಲ್ಲಿಗೆ ಹಚ್ಚಿದ್ದಳು. ಅವಳ ತವರು ನವಿಲುತೀರ್ಥದ ಕಡೆ. ಅಣೆಕಟ್ಟಿನ ಕೆಲಸಗಾರರ ಮನೆಗಳ ಮುಂದೆಲ್ಲ ಆ ಮರಗಳಿದ್ದವಂತೆ. ಮದುವೆಯಾದ ಹೊಸದರಲ್ಲಿ ಒಂದು ಸಸಿಯನ್ನು ಹಸಿ ಅರಿವೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಳು. ನೀರು ಹಾಕಲು ಸುಲಭವೆಂದು ಪಾತ್ರೆ ತೊಳೆಯುವ ಕಲ್ಲಿನ ಪಕ್ಕದಲ್ಲೇ ನೆಟ್ಟಳು. ಅದು ಎಷ್ಟು ಬೆಳೆಯುತ್ತದೆಂದು ಆಗ ಯಾರೂ ಕೇಳಲಿಲ್ಲ.

ನಾನು ಶಾಲೆಗೆ ಹೋಗುವ ಹೊತ್ತಿಗೆ ಮರ ಮಾಳಿಗೆ ದಾಟಿತ್ತು. ಹಿಂಗಾರಿ ಮಳೆಯ ದಿನಗಳಲ್ಲಿ ಹೂವಾಗುತ್ತಿತ್ತು. ಬೆಳಿಗ್ಗೆ ಏಣಿ ಹತ್ತಿದರೆ ಮಾಳಿಗೆ ತುಂಬ ಬಿಳಿ. ಉದ್ದ ಕೊಳವೆಯಂಥ ತೊಟ್ಟಿನ ಆ ಹೂಗಳನ್ನು ಅವ್ವ ದಾರವಿಲ್ಲದೆ, ತೊಟ್ಟಿಗೆ ತೊಟ್ಟು ಹೆಣೆದು ಜಡೆಯಂಥ ಮಾಲೆ ಮಾಡುತ್ತಿದ್ದಳು. ಹೂವಿನ ವಾಸನೆ ಒದ್ದೆ ಮಣ್ಣಿನ ವಾಸನೆಯೊಂದಿಗೆ ಬೆರೆತು ಪಡಸಾಲೆಯವರೆಗೂ ಇಳಿಯುತ್ತಿತ್ತು. ಈಗಲೂ ನನಗೆ ಅವೆರಡನ್ನೂ ಬೇರೆ ಮಾಡಲಾಗುವುದಿಲ್ಲ.

ಮರದ ಕಿರುಕುಳವೂ ಕಡಿಮೆಯಿರಲಿಲ್ಲ. ಟೊಂಗೆಗಳು ಬಹಳ ಪೆಳಸು. ಗಾಳಿ ಜೋರಾದರೆ ಮುರಿದು ಒಣಹಾಕಿದ ಬಟ್ಟೆಯ ಮೇಲೆ ಬೀಳುತ್ತಿದ್ದವು. ಒಮ್ಮೆ ಬಚ್ಚಲಿನ ಹೆಂಚು ಒಡೆದವು. ಅಣ್ಣನ ಹೆಂಡತಿ, ಅಂದರೆ ನಮ್ಮ ವೈನಿ, ಹಿತ್ತಲನ್ನು ಎರಡೂ ಹೊತ್ತು ಗುಡಿಸಬೇಕಾಗುತ್ತಿತ್ತು. ಅತ್ತೆಯ ತವರಿನ ಮರ ಕಸ ಭಾಳ ಹಾಕುತ್ತದೆ ಎಂದು ಅವರು ಚುಚ್ಚಿದರೆ, ನಮ್ಮ ತವರಿನವರ ಕೈಯೇ ದೊಡ್ಡದು ಎಂದು ಅವ್ವ ನಗುತ್ತಿದ್ದಳು.

ಮಾಲೆಗೆ ಬಾರದ ಹೂಗಳ ವಿಷಯದಲ್ಲಿ ಅವ್ವನದೊಂದು ಪದ್ಧತಿ. ದೇವರಿಗೆ ಏರುವ ಹೂವನ್ನು ತಿಪ್ಪೆಗೆ ಹಾಕಬಾರದು, ತುಳಿಯಲೂಬಾರದು. ಹಾಗಾಗಿ ಮಾಳಿಗೆ ಗುಡಿಸಿ ಮೂಲೆಯಲ್ಲಿ ಗುಡ್ಡೆ ಹಾಕುವಳು. ಯಾರಾದರೂ ಮಲಪ್ರಭೆಯ ಕಡೆ ಹೊರಟರೆ ಚೀಲದಲ್ಲಿ ತುಂಬಿಕೊಟ್ಟು ಹೊಳೆಗೆ ಬಿಡಿಸುವಳು. ಬರಬರುತ್ತ ಹೋಗುವವರು ಕಡಿಮೆಯಾದರು. ಗುಡ್ಡೆ ಅಲ್ಲೇ ಕೊಳೆಯತೊಡಗಿತು. ಮೂಲೆ ಎಂದರೆ ಇಳಿಜಾರಿನ ಮೂಲೆ. ಕಸಬರಿಗೆ ತಾನಾಗಿ ಅತ್ತಲೇ ಸಾಗುತ್ತದೆ.

ಹೋದ ವರ್ಷ ದಸರಾ ರಜೆಗೆ ಬಂದಿದ್ದೆ. ಹಿಂದಿನ ದಿನವೆಲ್ಲ ಮಳೆ ಸುರಿದಿತ್ತು. ಮಧ್ಯಾಹ್ನ ಮತ್ತೆ ಹಿಡಿಯಿತು. ನಾನು ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದೆ. ಅಡುಗೆಮನೆಯ ಬಾಗಿಲು ನನಗೆ ನೇರ ಎದುರು. ಅವ್ವ ಒಳಗೆ ಒಲೆಯ ಹತ್ತಿರ ನಿಂತಿದ್ದಳು. ಮೊದಲು ಅವಳ ಹಿಂದಿನ ಗೋಡೆಯ ಮೇಲೆ ಕೆಸರು ನೀರಿನ ಗೆರೆಯೊಂದು ಇಳಿದದ್ದು ಕಂಡಿತು. ಆಮೇಲೆ ಜಂತಿಗಳ ನಡುವಿನಿಂದ ಮಣ್ಣು, ಜರಡಿ ಹಿಡಿದಂತೆ, ಸಣ್ಣಗೆ. ಕೂಗಲು ಬಾಯಿ ತೆರೆದೆ. ಕೂಗಿದೆನೋ ಇಲ್ಲವೋ, ಇಂದಿಗೂ ಖಾತ್ರಿಯಿಲ್ಲ. ತೊಲೆಯ ಒಂದು ತುದಿ ಕೆಳಗಿಳಿಯಿತು. ಬಾಗಿಲು ಇದ್ದಲ್ಲಿ ಬರೀ ಮಣ್ಣಿತ್ತು.

ಸದ್ದಿಗೆ ಅಣ್ಣ ಓಡಿಬಂದು ಬರಿಗೈಯಿಂದ ಬಗೆಯತೊಡಗಿದ. ಒಳಗಿನಿಂದ ಕೆಮ್ಮು ಕೇಳಿತು, ಆಮೇಲೆ ಅವ್ವನ ದನಿ.

"ನನಗೇನ ಆಗಿಲ್ಲೋ. ಈ ಕಡೆ ಬರಬ್ಯಾಡ್ರಿ, ಇನ್ನಾ ಬೀಳಾಕ ಹತ್ತೇತಿ."

ತೊಲೆಯ ಇನ್ನೊಂದು ತುದಿ ಗೋಡೆಯಲ್ಲೇ ಸಿಕ್ಕಿಕೊಂಡಿತ್ತು. ಅದರ ಅಡಿ ಓರೆಯಾಗಿ ಉಳಿದ ಜಾಗದಲ್ಲಿ ಅವಳು ಕುಕ್ಕರಗಾಲಲ್ಲಿ ಕೂತಿದ್ದಳು. ಹಿತ್ತಲ ಕಿಟಕಿಯ ಸರಳು ಕಿತ್ತು ಹೊರಗೆ ತಂದೆವು.

ಮಳೆ ನಿಂತ ಮೇಲೆ ಅಣ್ಣ, ನಾನು ಏಣಿ ಹತ್ತಿದೆವು. ಕೊಳೆತ ಹೂವು ದೋಣಿಯ ಬಾಯಲ್ಲಿ ಗಟ್ಟಿ ಹಿಟ್ಟಿನಂತೆ ಮೆತ್ತಿಕೊಂಡಿತ್ತು. ಅದರ ಹಿಂದೆ ಉಳಿದ ಮಾಳಿಗೆಯ ಮೇಲೆ ಇನ್ನೂ ನೀರಿತ್ತು. ಇಬ್ಬರೂ ನೋಡಿದೆವು. ಕೆಳಗಿಳಿದು ಅಣ್ಣ ಹೇಳಿದ್ದು ಮರ ಗೋಡೆಗೆ ಹತ್ತಿರವಾಯಿತು, ಕಡಿಸೋಣ ಎಂದಷ್ಟೇ.

ಅವ್ವ ತಲೆಯ ಮಣ್ಣನ್ನು ಇನ್ನೂ ತೊಳೆದುಕೊಂಡಿರಲಿಲ್ಲ. "ಮರ ಏನ ಮಾಡೇತಿ? ಗುಡ್ಡಿ ಹಾಕಿದಾಕಿ ನಾನು. ಇನ್ನ ಮ್ಯಾಲ ಹಾಕೂದಿಲ್ಲ."

"ಹಾಕ್ತೀಯವ್ವಾ," ಎಂದ ಅಣ್ಣ, ಮೆಲ್ಲಗೆ. "ಹೂವು ತುಳಿ ಅಂದ್ರ ತುಳಿತೀ ಏನು?"

ಅವಳು ತನ್ನ ಪಾದಗಳನ್ನು ನೋಡಿಕೊಂಡಳು. ಆಮೇಲೆ, ಹಬ್ಬ ಆಗಲಿ, ಕಡಿಸು ಎಂದಳು. ಕಡಿಯುವ ದಿನ ಉಗರಗೋಳದ ಬೀಗರ ಮನೆಗೆ ಹೋಗಿಬಿಟ್ಟಳು. ಮರ ಮೆತ್ತಗಿತ್ತು, ಹೆಚ್ಚು ಹೊತ್ತು ಹಿಡಿಯಲಿಲ್ಲ.

ಈ ಬೇಸಿಗೆಯಲ್ಲಿ ನಾನು ಬಂದಾಗ ಹಿತ್ತಲ ತುಂಬ, ಬಚ್ಚಲ ಕಲ್ಲಿನ ಸಂದಿಯಲ್ಲೂ, ಉಳಿದ ಬೇರಿನಿಂದ ಮರಿಗಳೆದ್ದಿದ್ದವು. ಅವ್ವ ಕುರ್ಪಿ ಹಿಡಿದು ಒಂದೊಂದನ್ನೇ ಕೀಳುತ್ತಿದ್ದಳು. ಆಗ ಪಕ್ಕದ ಮನೆಯಾಕೆ, ತಮ್ಮ ಹಿತ್ತಲಲ್ಲೂ ಒಂದು ಎದ್ದಿದೆ, ಏನು ಮಾಡಲಿ ಎಂದು ಕಂಪೌಂಡಿನಾಚೆಯಿಂದ ಕೇಳಿದಳು. ಅವರದು ಸ್ಲ್ಯಾಬಿನ ಮನೆ. ಅವ್ವ ಕುರ್ಪಿ ಹಿಡಿದುಕೊಂಡೇ ಹೋದಳು, ಹಿಂದೆ ನಾನೂ ಹೋದೆ. ಆ ಮರಿ ಮೊಣಕಾಲೆತ್ತರ ಬಂದಿತ್ತು. ಅವ್ವ ಅದನ್ನು ನೋಡಿದಳು, ಸ್ಲ್ಯಾಬು ನೋಡಿದಳು, ಮರಿಗೂ ಗೋಡೆಗೂ ನಡುವಿನ ಜಾಗ ನೋಡಿದಳು.

"ಇರ್ಲಿ ಬಿಡ್ರಿ," ಎಂದಳು. "ಹೂವು ಬಿದ್ರ ತುಳದ ಅಡ್ಡಾಡ್ರಿ. ಆವಾಗ ನನ್ನ ಮಾತ್ರ ಕರೀಬ್ಯಾಡ್ರಿ."