ಚರಿಗೆ ಹಿಡಿದು ಹೊರಟ ಅಪ್ಪ

ನಮ್ಮ ಅಪ್ಪ ದಪ್ಪಗಿದ್ದ. ಸುಮ್ಮನೆ ಮೈ ಕೈ ತುಂಬಿಕೊಂಡ ದಪ್ಪ ಅಲ್ಲ. ಅಂಗಡಿಯ ಗಾದಿಯ ಮೇಲೆ ಕೂತರೆ ಎಬ್ಬಿಸಲು ಹಮಾಲ ಕೈ ಕೊಡಬೇಕು, ಟಾಂಗಾ ಹತ್ತಿದರೆ ಕುದುರೆ ಒಮ್ಮೆ ಹಿಂದಕ್ಕೆ ತಿರುಗಿ ನೋಡಬೇಕು, ಅಂಥ ದಪ್ಪ. ಎಪ್ಪತ್ತರ ದಶಕದ ನಮ್ಮೂರು ಇಂಡಿಯಲ್ಲಿ ಇದನ್ನು ಯಾರೂ ರೋಗ ಎನ್ನುತ್ತಿರಲಿಲ್ಲ. "ಸಾವಕಾರ್ರದು ಉಂಡ ಮೈ ನೋಡ್ರಿ" ಎನ್ನುತ್ತಿದ್ದರು, ಅದೂ ಹೊಟ್ಟೆಕಿಚ್ಚಿನಿಂದ. ಅಪ್ಪನದು ಅಡತಿ ಅಂಗಡಿ. ಹಳ್ಳಿಗಳಿಂದ ಜೋಳ, ತೊಗರಿ ತಂದ ರೈತರು ಚೀಲ ಇಳಿಸುವ ಮುಂಚೆ ಸಾವಕಾರನ ಹೊಟ್ಟೆ ನೋಡುತ್ತಿದ್ದರು. ಹೊಟ್ಟೆ ಇದ್ದವನ ಅಂಗಡಿ ಮುಳುಗುವುದಿಲ್ಲ ಎಂಬ ನಂಬಿಕೆ. ಎಂಥ ಲೆಕ್ಕವೋ ಏನೋ!

ಒಂದು ಬೇಸಿಗೆಯಲ್ಲಿ ಅಪ್ಪನಿಗೆ ಮನೆಯ ಮೆಟ್ಟಿಲು ಹತ್ತುವಾಗಲೇ ಉಸಿರು ಸಿಕ್ಕಿಕೊಂಡಿತು. ಬಿಜಾಪುರದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದವಳು ನಾನೇ. ಅವ್ವ ಊರು ಬಿಟ್ಟು ಕದಲುವವಳಲ್ಲ, ಅಪ್ಪನಿಗೆ ಇದ್ದ ಮಗಳು ನಾನೊಬ್ಬಳೇ. ಮ್ಯಾಟ್ರಿಕ್ ಮುಗಿಸಿ, ವರ ನೋಡುವತನಕ ಮನೆಯಲ್ಲಿ ಕೂತಿದ್ದೆ. ಡಾಕ್ಟರು ಎದೆಗೆ ನಳಿಕೆ ಇಟ್ಟು ಕೇಳಿ, ಅಪ್ಪನ ಹೊಟ್ಟೆಯ ಮೇಲೆ ಅಂಗೈಯಿಂದ ತಟ್ಟಿದರು.

"ಸಾವಕಾರ್ರ, ಈ ಹೊಟ್ಟಿ ಇಳಸ್ರಿ. ತುಪ್ಪ, ಬೆಲ್ಲ ಬಿಡ್ರಿ, ದಿನಾ ಮುಂಜಾನಿ ನಡೀರಿ. ಇಲ್ಲಂದ್ರ ಎದಿ ತಡಕೊಳ್ಳೂದಿಲ್ಲ. ಹೆದರಸಾಕ ಹೇಳಾಕತ್ತಿಲ್ಲ, ಇದ್ದದ್ದು ಹೇಳಾಕತ್ತೇನಿ."

ತಿರುಗಿ ಬರುವಾಗ ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಅವನು ಹೆದರಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಮರುದಿನ ಬೆಳಿಗ್ಗೆ ಹೊರ್ತಿ ರಸ್ತೆ ಹಿಡಿದು ನಡೆಯಲು ಹೊರಟ. ಅರ್ಧ ಗಂಟೆಯೂ ಆಗಿರಲಿಲ್ಲ, ಯಾರದೋ ಎತ್ತಿನ ಗಾಡಿಯಲ್ಲಿ ಕೂತು ಮನೆಗೆ ಬಂದ. ದಾರಿಯಲ್ಲಿ ಕಂಡ ಮೊದಲನೆಯವನೇ ಗಾಬರಿಯಾಗಿ, "ಯಾರರ ತೀರಕೊಂಡ್ರೇನ್ರಿ ಸಾವಕಾರ್ರ, ಹಿಂಗ ನಡಕೋತ ಹೊಂಟೀರಿ?" ಎಂದು ಕೇಳಿದನಂತೆ. ಎರಡನೆಯವನು ಕೇಳಲೂ ಇಲ್ಲ, ಗಾಡಿ ನಿಲ್ಲಿಸಿ ತೋಳು ಹಿಡಿದು ಹತ್ತಿಸಿಕೊಂಡು ಬಂದ. ಸಾವಕಾರ ಕೆಲಸವಿಲ್ಲದೆ ಕಾಲುನಡಿಗೆಯಲ್ಲಿ ಹೋಗುವುದೆಂದರೆ ನಮ್ಮ ಕಡೆ ಎರಡೇ ಅರ್ಥ: ಒಂದು ಸಾವು, ಇನ್ನೊಂದು ದಿವಾಳಿ.

ಆಗ ಅಪ್ಪನಿಗೇ ಒಂದು ಉಪಾಯ ಹೊಳೆಯಿತು. ಚರಿಗೆ! ಮುಂಜಾನೆ ಕೈಯಲ್ಲಿ ನೀರಿನ ಚರಿಗೆ ಹಿಡಿದು ಬಯಲಕಡೆ ಹೊರಟ ಗಂಡಸನ್ನು ಯಾರೂ ತಡೆಯುವುದಿಲ್ಲ, ಎಲ್ಲಿಗೆ ಎಂದು ಕೇಳುವುದಿಲ್ಲ, ಮುಖ ಎತ್ತಿ ಮಾತಾಡಿಸುವುದೂ ಇಲ್ಲ. ನಮ್ಮ ಹಿತ್ತಲಲ್ಲಿ ಆಗಲೇ ಪಾಯಖಾನೆ ಕಟ್ಟಿಸಿದ್ದೆವು, ಅಪ್ಪನಿಗೆ ಬಯಲಿನ ಅಗತ್ಯವೇ ಇರಲಿಲ್ಲ. ಆದರೂ ಅಂದಿನಿಂದ ಹಿತ್ತಾಳೆಯ ಚರಿಗೆ ಅಪ್ಪನ ಜೊತೆಗಾರನಾಯಿತು. "ಖಾಲಿ ಒಯ್ದ್ರ ಕಳ್ಳತನ ಗೊತ್ತಾಗತೈತಿ, ತುಂಬಿ ಕೊಡು" ಎನ್ನುತ್ತಿದ್ದ. ತುಂಬಿಸಿ ಹೊಸ್ತಿಲಲ್ಲಿ ಇಡುವುದು ನನ್ನ ಕೆಲಸ. ಅವನು ಲಿಂಬೆ ತೋಟಗಳ ಆಚೆವರೆಗೆ ಹೋಗಿ, ಅಲ್ಲೊಂದು ಬೇವಿನ ಸಸಿಗೆ ಆ ನೀರು ಸುರಿದು ಬರುತ್ತಿದ್ದ.

ಇಷ್ಟು ಸುಲಭವಾಗಿ ನಡೆಯಿತು ಅಂದುಕೊಳ್ಳಬೇಡಿ. ನಾಲ್ಕು ದಿನ ಉಮೇದು, ಐದನೆಯ ದಿನ ಮೊಣಕಾಲು ನೋವು. ಮಳೆ ಹನಿದರೆ ಮಳೆ, ಮಳೆ ಇಲ್ಲದಿದ್ದರೆ ನೆಗಡಿ. ನಾನು ಕೌದಿ ಎಳೆಯುತ್ತಿದ್ದೆ, ಅವನು ಬೈಯುತ್ತಿದ್ದ. "ಜೀವಾ ತಿನಬ್ಯಾಡ ಹೋಗ, ನಾ ಸತ್ರ ಸಾಯ್ತೇನಿ!" "ಸಾಯೂದಿದ್ರ ನಡಕೋತ ಹೋಗಿ ಸಾಯಿ, ಏಳು!" ಎನ್ನುತ್ತಿದ್ದೆ ನಾನು. ಆ ವಯಸ್ಸಿನ ಬಾಯಿ, ಏನು ಅಂದೆ ಎಂಬ ಪರಿವೆ ಇರಲಿಲ್ಲ.

ಊಟದ ಪಂಕ್ತಿಯಲ್ಲಿ ಇನ್ನೊಂದು ಯುದ್ಧ. ಒಣ ರೊಟ್ಟಿ, ಪುಂಡಿಪಲ್ಯ, ಹಸಿ ಮೆಂತ್ಯದ ಸೊಪ್ಪು, ನೀರು ಮಜ್ಜಿಗೆ ಎಂದು ನಾನು ಗೆರೆ ಎಳೆದಿದ್ದರೆ, ಅವ್ವ ಕದ್ದು ರೊಟ್ಟಿಯ ಕೆಳಮಗ್ಗಲಿಗೆ ತುಪ್ಪ ಸವರುತ್ತಿದ್ದಳು. ಸಿಕ್ಕಿಬಿದ್ದಾಗ ಅತ್ತಳು. "ಗಂಡಗ ಒಣ ರೊಟ್ಟಿ ಹಾಕಾಕತ್ತಾಳ ಅಂತ ಮಂದಿ ನನ್ನ ಮಾರಿಗೆ ಉಗುಳತಾರಲ್ಲೇ" ಎಂದಳು. ಅವಳದು ಪ್ರೀತಿಯೇ. ಆದರೆ ಅದಕ್ಕೆ ತುಪ್ಪ ಬಿಟ್ಟರೆ ಬೇರೆ ಭಾಷೆ ಗೊತ್ತಿರಲಿಲ್ಲ.

ಅಪ್ಪನನ್ನು ನಿಜವಾಗಿ ಎಬ್ಬಿಸಿದ್ದು ನಾನಲ್ಲ, ಅವನ ಬೆಳ್ಳಿ ಉಡದಾರ. ಹೊಟ್ಟೆಯ ಮಡಿಕೆಯಲ್ಲಿ ಹೂತು ಕಾಣದೇ ಹೋಗಿದ್ದ ಉಡದಾರ ಒಂದು ದಿನ ತಾನಾಗಿ ಹೊರಗೆ ಬಂದಿತು. ಕೊಕ್ಕೆಯನ್ನು ಒಂದು ಕೊಂಡಿ ಹಿಂದಕ್ಕೆ ಸಿಕ್ಕಿಸಿದ. ಆಮೇಲೆ ಇನ್ನೊಂದು. ಉಳಿದ ಕೊಂಡಿಗಳು ಧೋತರದ ಮೇಲೆ ಜೋತಾಡತೊಡಗಿದವು. "ನೋಡಽ, ನಿಮ್ಮ ಅಪ್ಪಗ ಬಾಲ ಬಂದೈತಿ!" ಎಂದು ಪಡಸಾಲೆಯಲ್ಲಿ ತಿರುಗಿ ತೋರಿಸಿದ. ಅಂದಿನಿಂದ ನಾನು ಎಬ್ಬಿಸುವ ಮೊದಲೇ ಎದ್ದಿರುತ್ತಿದ್ದ. ದೀಪಾವಳಿ ಹೊತ್ತಿಗೆ ಮೆಟ್ಟಿಲನ್ನು ಒಂದೇ ಉಸಿರಿನಲ್ಲಿ ಹತ್ತಿ, ಮೇಲೆ ನಿಂತು ನನ್ನ ಕಡೆ ನೋಡಿ ನಕ್ಕ. ನನ್ನ ಬದುಕಿನಲ್ಲಿ ಅಷ್ಟು ಸಂತೋಷದ ದಿನ ಮತ್ತೆ ಬಂದಿಲ್ಲ. ಲಗ್ನದ ದಿನ ಅಂತೂ ಅಲ್ಲವೇ ಅಲ್ಲ.

ಅಷ್ಟರಲ್ಲಿ ನನ್ನ ಲಗ್ನ ಗೊತ್ತಾಗಿತ್ತು. ದೇವರ ಹಿಪ್ಪರಗಿಯಲ್ಲಿದ್ದ ಅಪ್ಪನ ಅಕ್ಕ, ನನ್ನ ಅತ್ತೆ, ನಡುವೆ ನಿಂತು ಬಸವನ ಬಾಗೇವಾಡಿಯ ಹೊಲಮನಿಯವರ ಕಡೆ ಮಾತು ಮುಗಿಸಿದ್ದಳು. ವೀಳ್ಯವೂ ಆಗಿತ್ತು. ಮಾಗಿಯಲ್ಲಿ ಮುದ್ದೇಬಿಹಾಳದಲ್ಲಿ ನೆಂಟರ ಮದುವೆ, ಅಪ್ಪ ಹೋದ. ಆಗಲಿರುವ ಬೀಗರೂ ಬಂದಿದ್ದರು. ಪಂಕ್ತಿಯಲ್ಲಿ ಬೀಗರೇ ತಂಬಿಗೆ ಹಿಡಿದು ಅಪ್ಪನ ಹೋಳಿಗೆಗೆ ತುಪ್ಪ ಹಾಕಲು ಬಂದರಂತೆ. ಅಪ್ಪ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದ. "ಬ್ಯಾಡ್ರಿ ಬೀಗರ, ಬಿಟ್ಟೇನಿ" ಎಂದ. ಬೀಗರು ಬೀಗರಿಗೆ ಒತ್ತಾಯ ಮಾಡುವುದು, ಬೀಗರು ಸೋತು ಉಣ್ಣುವುದು ನಮ್ಮಲ್ಲಿ ಮಾತು ಕೊಟ್ಟಷ್ಟೇ ಗಟ್ಟಿ ಪದ್ಧತಿ. ಅಪ್ಪ ಸೋಲಲಿಲ್ಲ. ಸಡಿಲಾದ ಅಂಗಿ, ಇಳಿದ ಗಲ್ಲ, ಮುಟ್ಟದ ಹೋಳಿಗೆ, ಮೂರನ್ನೂ ನೋಡಿಕೊಂಡು ಅವರು ಊರಿಗೆ ಹೋದರು.

ಸ್ವಲ್ಪ ದಿನಕ್ಕೆ ಅತ್ತೆ ಬಸ್ಸಿಳಿದು ಬಂದಳು. ಕಾಲು ತೊಳೆಯಲೂ ಇಲ್ಲ.

"ತಮ್ಮಾ, ನಿನಗೇನಾಗೈತಿ? ಬೀಗರು ಹಿಂದ ಸರಿಯಾಕತ್ತಾರ. ಇಂಡಿ ಮಂದೀನ ಕೇಳ್ಯಾರ. ದಿನಾ ಚರಗಿ ಹಿಡಕೊಂಡು ಹೊರ್ತಿ ರಸ್ತಾಕ ಅಷ್ಟು ದೂರ ಹೋಗ್ತಿಯಂತ, ತಾಸುಗಟ್ಟಲೆ ಬರೂದಿಲ್ಲಂತ. ಉಂಡದ್ದು ಹೊಟ್ಟ್ಯಾಗ ನಿಲ್ಲೂದಿಲ್ಲ, ಕ್ಷಯ ಹತ್ತೈತಿ ಅಂತ ಹೇಳ್ಯಾರ. ಕ್ಷಯದ ಮನಿ ಹೆಣ್ಣ ಯಾರು ಒಯ್ತಾರು?"

ಅಪ್ಪ ಮೊದಲು ಹೊಟ್ಟೆ ಹಿಡಿದು ನಕ್ಕ. "ಅಕ್ಕಾ, ನಾ ಬಯಲಕಡಿ ಹೋಗೂದೇ ಇಲ್ಲ. ಚರಗಿ ಸುಮ್ನ ಹಿಡೀತೇನಿ."

"ಹಂಗಂತ ಬೀಗರ ಮುಂದ ಹೇಳ್ಲ್ಯಾ? ನಮ್ಮ ತಮ್ಮ ಸುಮ್ನ ಚರಗಿ ಹಿಡಕೊಂಡು ತಿರಗತಾನ ಅಂತ? ಕ್ಷಯದಕಿಂತ ಅದ ಚಲೋ ಆತು, ಹುಚ್ಚ ಅಂತಾರ!"

ಡಾಕ್ಟರರನ್ನೇ ಕೇಳಲಿ ಎಂದ ಅಪ್ಪ. ಡಾಕ್ಟರರ ಮಾತು ಯಾರಿಗೆ ಬೇಕು, ಮಂದಿ ಕಣ್ಣಿಗೆ ಮೈ ಕಾಣಬೇಕು ಎಂದಳು ಅತ್ತೆ. ಲಗ್ನದವರೆಗೆ ಅಪ್ಪ ಮೊದಲಿನ ಹಾಗೆ ಆಗಬೇಕು. ಅಷ್ಟೇ.

"ನನಗ ಆ ಮನೀನ ಬ್ಯಾಡ" ಎಂದೆ ನಾನು ಬಾಗಿಲಲ್ಲಿ ನಿಂತು. "ಡಾಕ್ಟರ್ ಏನ್ ಅಂದಾರ, ನಾ ಕೇಳೇನಿ. ಅಪ್ಪನ ಜೀವದಕಿಂತ ಲಗ್ನ ಹೆಚ್ಚೇನು?"

"ನಿನ್ನ ಯಾರ ಕೇಳ್ಯಾರ ಇಲ್ಲಿ? ವೀಳ್ಯ ಮುರದ ಹುಡುಗೀನ ಆಮ್ಯಾಗ ಯಾವ ಊರವರು ಕೇಳ್ಕೋತ ಬರ್ತಾರ? ಒಳಗ ನಡಿ!"

ಸಂಜೆ ಅಪ್ಪ ನನ್ನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ತಲೆ ಸವರಿದ. "ನಿನ್ನ ಮ್ಯಾಲ ಅಕ್ಕಿಕಾಳ ಬೀಳೂತನಕ ಉಣ್ತೇನಿ ಅವ್ವಿ. ಬಿದ್ದ ಮರುದಿನ ಮತ್ತ ಚರಗಿ ಹಿಡೀತೇನಿ. ನನ್ನ ಆಣಿ ಐತಿ."

ಅತ್ತೆ ಅಲ್ಲೇ ಠಿಕಾಣಿ ಹೂಡಿದಳು. ಬೆಳಿಗ್ಗೆ ಬೆಣ್ಣೆ ಮುದ್ದೆ ಹಾಕಿದ ರೊಟ್ಟಿ, ಮಧ್ಯಾಹ್ನ ಮಾದಲಿಗೆ ತುಪ್ಪ, ಮಲಗುವ ಮುಂಚೆ ಕೆನೆ ಹಾಲು. ಅವ್ವನಿಗೆ ಹಬ್ಬವೋ ಹಬ್ಬ, ಕದಿಯುವ ಕೆಲಸ ತಪ್ಪಿತಲ್ಲ! ಓಣಿಯ ಹೆಂಗಸರು ಬಂದು ನೋಡಿ, "ಈಗ ಬಂತ್ರಿ ಮಾರಿಗೆ ಕಳೆ" ಎಂದು ಹೊಗಳಿ ಹೋಗುತ್ತಿದ್ದರು. ಅಪ್ಪ ಹಾಕಿದ್ದನ್ನೆಲ್ಲ ಉಣ್ಣುತ್ತಿದ್ದ. ಬಾಲ ದಿನದಿಂದ ದಿನಕ್ಕೆ ಗಿಡ್ಡಾಯಿತು. ಕೊಕ್ಕೆ ಕೊನೆಯ ಕೊಂಡಿಗೆ ಬಂದಾಗ ಅವನು ಅಂಗಿಯನ್ನು ಕೆಳಗೆ ಎಳೆದು ಮುಚ್ಚಿಕೊಂಡ. ಬೀಗರು ಬಂದು ನೋಡಿ ಖುಷಿಪಟ್ಟು, ಅಪ್ಪನ ಬೆನ್ನು ತಟ್ಟಿ, ಲಗ್ನದ ದಿನ ಇಟ್ಟು ಹೋದರು.

ಲಗ್ನದ ಊಟದಲ್ಲಿ ಬೀಗರು ತಾವೇ ಹೋಳಿಗೆ ಮುರಿದು, ತುಪ್ಪದಲ್ಲಿ ಅದ್ದಿ, ಅಪ್ಪನ ಬಾಯಿಗೆ ಇಟ್ಟರು. ಅವರ ನಂತರ ಅವರ ತಮ್ಮ, ಆಮೇಲೆ ಅವರ ಅಳಿಯ. ಬಾಸಿಂಗದ ಮಣಿಸರಗಳ ಮರೆಯಿಂದ ನಾನು ನೋಡುತ್ತಿದ್ದೆ. ಅಪ್ಪನ ಹಣೆಯಿಂದ ಬೆವರು ಎಲೆಗೆ ತೊಟ್ಟಿಕ್ಕುತ್ತಿತ್ತು, ಬಾಯಿ ಮಾತ್ರ ನಗುತ್ತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಕೈಗಳು ಮುರಿದು ಬೀಳಲಿ ಎಂದು ನನ್ನ ಲಗ್ನದಲ್ಲಿ ನಾನೇ ಶಾಪ ಹಾಕಿದೆ. ಇವತ್ತಿಗೂ ಅದನ್ನು ಹಿಂದಕ್ಕೆ ತೆಗೆದುಕೊಂಡಿಲ್ಲ.

ಮರುದಿನ ಚರಿಗೆ ಹಿಡಿಯುವುದು ಎಲ್ಲಿಂದ ಸಾಧ್ಯ? ಬೀಗರ ಮನೆಯ ಕರೆ, ನೆಂಟರ ಮನೆಯ ಕರೆ, ಹೋದಲ್ಲೆಲ್ಲ ಹೋಳಿಗೆ. ನಾಗರ ಪಂಚಮಿಗೆ ತವರಿಗೆ ಹೋದಾಗ ಅಪ್ಪ ಮೆಟ್ಟಿಲ ನಡುವೆ ಕೂತು ದಮ್ಮು ತೆಗೆಯುತ್ತಿದ್ದ. ನಾನು ಅಂಗಡಿಯವರ ಮುಂದೆಯೇ ಕೂಗಾಡಿದೆ. "ಆಣಿ ಏನಾತು?" "ಉಂಡಿ ಹಬ್ಬ ಮುಗೀಲಿ ಅವ್ವಿ, ಹಿಡೀತೇನಿ" ಎಂದ. ಮಾತು ಉಳಿಸಿಕೊಂಡ. ಪಂಚಮಿ ಮುಗಿದು, ನಾನು ಬಾಗೇವಾಡಿಗೆ ಹೋದ ಮೇಲೆ, ಒಂದು ಬೆಳಿಗ್ಗೆ ತಾನೇ ಚರಿಗೆ ತುಂಬಿಕೊಂಡು ಹೊರಟ.

ಲಿಂಬೆ ತೋಟದ ಬೇಲಿಯ ಹತ್ತಿರ ಎದೆ ಹಿಡಿದಿದೆ. ರಸ್ತೆಯ ಮಗ್ಗಲಿಗೆ ಕುಕ್ಕರಗಾಲಲ್ಲಿ ಕುಸಿದು ಕೂತಿದ್ದಾನೆ. ಚರಿಗೆಯನ್ನು ಪಕ್ಕದಲ್ಲಿ ಚೆಲ್ಲದ ಹಾಗೆ ಇಟ್ಟಿದ್ದಾನೆ. ಆ ರಸ್ತೆ ಬೆಳಿಗ್ಗೆ ಖಾಲಿ ಇರುವಂಥದ್ದಲ್ಲ. ತೋಟದ ಆಳುಗಳು, ಹಾಲಿನವರು, ಸೈಕಲ್ಲಿನವರು ಹೋದರು, ಬಂದರು. ಚರಿಗೆ ಇಟ್ಟುಕೊಂಡು ಕೂತ ಗಂಡಸನ್ನು ನೋಡಬಾರದು ಎಂಬ ಮರ್ಯಾದೆ ನಮ್ಮ ಮಂದಿಗೆ ತಾಯಿ ಹಾಲಿನ ಜೊತೆ ಬಂದಿದೆ. ಬಿಸಿಲು ಏರಿದ ಮೇಲೆ ಕುರಿ ಹೊಡೆದುಕೊಂಡು ಬಂದವನೊಬ್ಬ, ಕುರಿ ತಾಗಿದರೂ ಕದಲಲಿಲ್ಲವಲ್ಲ ಎಂದು, ಮೊದಲ ಬಾರಿಗೆ ಅಪ್ಪನ ಮುಖ ನೋಡಿದ.

ಸುದ್ದಿ ತಿಳಿದು ನಾನು ಇಂಡಿ ಮುಟ್ಟುವಷ್ಟರಲ್ಲಿ, ನಮ್ಮವರ ಪದ್ಧತಿಯಂತೆ ಅಪ್ಪನ ಹೆಣವನ್ನು ಪಡಸಾಲೆಯಲ್ಲಿ ಕೂರಿಸಿದ್ದರು. ತೋಟದವನೊಬ್ಬ ನನ್ನ ಮುಂದೆ ಬಂದು ಟವಲಿನಿಂದ ಬಾಯಿ ಮುಚ್ಚಿಕೊಂಡು ಅತ್ತ. "ನಾ ಹೋಗೂ ಮುಂದ ನೋಡಿದ್ನೆವ್ವಾ, ಬರೂ ಮುಂದನೂ ನೋಡಿದ್ನಿ. ಒಂದ ಸಲ ನರಳಿದಂಗ ಆತು. ಚರಗಿ ಇತ್ತಲ್ಲ ಬಾಜೂಕ, ಮಾರಿ ಆ ಕಡೆ ಮಾಡಿ ಹಾದು ಹೋದ್ನಿ." ಅವನು ಮಾಡಿದ್ದು ಸಭ್ಯತೆ. ಯಾರೋ ಚರಿಗೆ ತಂದು ಜಗಲಿಯ ಮೇಲೆ ಇಟ್ಟಿದ್ದರು. ಅದರಲ್ಲಿ ಇನ್ನೂ ನೀರಿತ್ತು. ಬೇವಿನ ಸಸಿಯವರೆಗೆ ಅಪ್ಪ ಮುಟ್ಟಿರಲಿಲ್ಲ.

ಬಾಗೇವಾಡಿಯಿಂದ ಬಂದಿದ್ದ ನನ್ನ ಗಂಡನ ತಾಯಿ ಪಕ್ಕದಲ್ಲಿ ಕೂತು ನನ್ನ ಬೆನ್ನು ಸವರಿದಳು. "ಅಳಬ್ಯಾಡವ್ವಾ. ನಿನ್ನ ಲಗ್ನದಾಗ ಎಷ್ಟ ಚಂದ ಕಾಣತಿದ್ರು, ಮೈ ತುಂಬಿಕೊಂಡು! ನಾವೆಲ್ಲಾ ಕಣ್ಣ ತುಂಬ ನೋಡಿದ್ವಿ."

"ಹೌದ್ರಿ" ಎಂದೆ. "ಆವತ್ತ ಎಲ್ಲಾರೂ ನೋಡಿದ್ರಿ."