ಶಿಷ್ಯೆ ತಿದ್ದದೆ ಬಿಟ್ಟ ನನ್ನ ಇಂಗ್ಲಿಷ್

ಕೊರೊನಾ ಮುಗಿದು ಶಾಲೆಗಳು ಮತ್ತೆ ತೆರೆದ ಮರುವರ್ಷದ ಮಾತು. ಆಗ ನಾನು ಚಿತ್ತಾಪುರ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕಿ. ನಿವೃತ್ತಿ ಹತ್ತಿರವಿತ್ತು. ನಮ್ಮ ಶಾಲೆಗೆ ಇಂಗ್ಲಿಷ್ ಮಾಧ್ಯಮದ ಒಂದನೇ ತರಗತಿ ಮಂಜೂರಾಗಿತ್ತು. ಆದರೆ ಅಲ್ಲಿ ಪಾಠ ಮಾಡುವವರು ತರಬೇತಿ ಪಡೆದು, ಕಲಬುರಗಿಯಲ್ಲಿ ಸ್ಪೋಕನ್ ಟೆಸ್ಟ್, ಅಂದರೆ ಮಾತಿನ ಪರೀಕ್ಷೆ, ಪಾಸಾಗಬೇಕಿತ್ತು. ಇಲ್ಲವಾದರೆ ಆ ವರ್ಷ ತರಗತಿ ಇಲ್ಲ. ವಾಡಿಯ ಒಂದು ಖಾಸಗಿ ಶಾಲೆಯ ವ್ಯಾನು ದಿನಾ ಬೆಳಿಗ್ಗೆ ಬಂದು ನಮ್ಮೂರ ಮಕ್ಕಳನ್ನು ತುಂಬಿಕೊಂಡು ಹೋಗುತ್ತಿತ್ತು. ಈ ತರಗತಿ ತೆರೆದರಷ್ಟೇ ಒಂದಿಷ್ಟು ಮಕ್ಕಳು ನಮ್ಮಲ್ಲಿ ಉಳಿಯುತ್ತಿದ್ದರು.

ಪರೀಕ್ಷೆಯ ಸುದ್ದಿ ಕೇಳಿ ನಾನು ನಕ್ಕಿದ್ದೆ. ಜೀವಮಾನವಿಡೀ ಇಂಗ್ಲಿಷ್ ಕಲಿಸಿದವಳಿಗೆ ಇಂಗ್ಲಿಷ್ ಪರೀಕ್ಷೆಯೇ ಎಂದು ಹೆಡ್ ಮಾಸ್ತರರ ಮುಂದೆ ದೊಡ್ಡದಾಗಿ ಮಾತಾಡಿದ್ದೂ ಉಂಟು.

ಚಿತ್ತಾಪುರದಲ್ಲಿ ತರಬೇತಿ ನಡೆಯಿತು. ಕಲಿಸಲು ಬಂದವಳು ಶರಣಮ್ಮ, ಕಾಳಗಿಯ ಹುಡುಗಿ, ನನ್ನದೇ ಹಳೆಯ ವಿದ್ಯಾರ್ಥಿನಿ. ನನ್ನನ್ನು ಕಂಡೊಡನೆ ಕೈಮುಗಿದು, "ಇವರು ನಮ್ಮ ಟೀಚರ್ ರಿ, ನನಗ ಇಂಗ್ಲಿಷ್ ಕಲಿಸಿದವರು" ಎಂದು ಎಲ್ಲರಿಗೂ ಪರಿಚಯಿಸಿದಳು. ಹೆಮ್ಮೆಯಲ್ಲಿ ನನಗೆ ನೆಲ ಕಾಣಲಿಲ್ಲ.

ಅವಳು ಮೊದಲು ಕಲಿಸಿದ್ದು ಸ್ಟ್ರೆಸ್. ಇಂಗ್ಲಿಷ್ ಪದದ ಒಂದು ಭಾಗವನ್ನು ಒತ್ತಿ ಹೇಳಿ ಉಳಿದುದನ್ನು ಸಡಿಲ ಬಿಡುವುದಕ್ಕೆ ಆ ಹೆಸರು. ಬರೆದಂತೆ ಓದುವ ಭಾಷೆ ನಮ್ಮದು. ಹಾಗಾಗಿ ನಾವು ಎಲ್ಲ ಅಕ್ಷರಗಳನ್ನೂ ಒಂದೇ ಸಮನೆ ಒತ್ತುತ್ತೇವೆ, ಸುಮ್ಮನಿರಬೇಕಾದ ಅಕ್ಷರವನ್ನೂ ಬಿಡುವುದಿಲ್ಲ. ಉಳಿದ ಶಿಕ್ಷಕರು ತಪ್ಪಿದಾಗಲೆಲ್ಲ ಅವಳು ನಿಲ್ಲಿಸಿ ತಿದ್ದುತ್ತಿದ್ದಳು. ನನ್ನ ಸರದಿ ಮುಗಿದರೆ ಮಾತ್ರ, "ಭಾಳ ಛಲೋ ಅದರಿ ಟೀಚರ್" ಎಂದು ಮುಂದಿನವರ ಕಡೆ ತಿರುಗುತ್ತಿದ್ದಳು. ತರಬೇತಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದುಕೊಂಡೆ. ಪಕ್ಕದಲ್ಲಿದ್ದ ಸೇಡಂನ ಮಾಸ್ತರರನ್ನು ನಾನೇ ತಿದ್ದಲು ಶುರು ಮಾಡಿದೆ. ಪಾಪ, ಅವರು ತಲೆಯಾಡಿಸಿ ನಾನು ಹೇಳಿದಂತೆಯೇ ಹೇಳುತ್ತಿದ್ದರು.

ಪರೀಕ್ಷೆಯಲ್ಲಿ ಎದುರು ಕುಳಿತವರು ಹೊರರಾಜ್ಯದ ಒಬ್ಬ ಹೆಣ್ಣುಮಗಳು. ನಿಮ್ಮ ಊರಿನ ಬಗ್ಗೆ ಹೇಳಿ ಎಂದರು. ನನ್ನ ತವರು ಶಹಾಬಾದ. ಅಲ್ಲಿಯ ನೆಲಕ್ಕೆ ಹಾಸುವ ಫರ್ಸಿ ಕಲ್ಲು, ಗಣಿ, ಪಾಲಿಶ್ ಮಾಡುವ ಯಂತ್ರಗಳ ಬಗ್ಗೆ ಉತ್ಸಾಹದಿಂದ ಶುರು ಮಾಡಿದೆ. "ಸಾರಿ?" ಎಂದರು. ಮತ್ತೆ ಹೇಳಿದೆ. ಮತ್ತೆ "ಸಾರಿ?" ಕಿವಿ ಮಂದವಿರಬೇಕು ಎಂದು ದನಿ ಏರಿಸಿದೆ. ಅವರು ಬೇಸರಿಸಿಕೊಳ್ಳಲಿಲ್ಲ. ಒಂದು ಹಾಳೆ, ಒಂದು ಪೆನ್ನು ನನ್ನ ಕಡೆ ಸರಿಸಿ, ದಯವಿಟ್ಟು ಬರೆದು ತೋರಿಸಿ ಎಂದರು.

ಮಾತಿನ ಪರೀಕ್ಷೆಯಲ್ಲಿ ನಾನು ಬರೆದು ತೋರಿಸಿದೆ. ಅವರು ಅದನ್ನು ಗಟ್ಟಿಯಾಗಿ ಓದಿದರು. ನನ್ನವೇ ಪದಗಳು, ಆದರೆ ನಾನು ಎಂದೂ ಹಾಗೆ ಹೇಳಿರಲಿಲ್ಲ, ಮಕ್ಕಳಿಗೂ ಹೇಳಿಕೊಟ್ಟಿರಲಿಲ್ಲ. ಮುಖವನ್ನು ಎಲ್ಲಿ ಇಟ್ಟುಕೊಳ್ಳಲಿ ಎನ್ನುವಂತಾಯಿತು. ಫಲಿತಾಂಶ ಹೇಳಬೇಕಿಲ್ಲ.

ನಾಚಿಕೆ ಮೊದಲು ಸಿಟ್ಟಾಗಿಯೇ ಹೊರಬಂತು. ನೇರ ಕಾಳಗಿಗೆ, ಶರಣಮ್ಮನ ಮನೆಗೆ ಹೋದೆ.

"ಎಲ್ಲಾರಿಗೂ ತಿದ್ದಾಕತ್ತಿದ್ದಿ. ನನಗ ಯಾಕ ಹೇಳಲಿಲ್ಲ?"

"ನಿಮಗ ತಪ್ಪು ಅದ ಅಂತ ನಾ ಹ್ಯಾಂಗ ಹೇಳಲಿರಿ ಟೀಚರ್? ಅದೂ ಮಂದಿ ಮುಂದ?"

"ಕರದು ಒಬ್ಬಾಕಿಗೇ ಹೇಳಬೇಕಿತ್ತು. ನೀ ಇದನ್ನೆಲ್ಲ ಯಾವಾಗ ಕಲ್ತಿ?"

ಅವಳು ಸೀರೆಯ ಸೆರಗನ್ನೇ ನೋಡುತ್ತ ಹೇಳಿದಳು: "ಕಾಲೇಜಿನಾಗ್ರಿ. ಮೊದಲ ದಿನ ಎದ್ದು ಓದಿದೆ, ನೀವು ಕಲಿಸಿದಂಗೇ. ಕ್ಲಾಸೆಲ್ಲ ನಕ್ಕಿತು. ನಿನಗ ಯಾರು ಕಲಿಸ್ಯಾರ ಅಂತ ಲೆಕ್ಚರರ್ ಕೇಳಿದ್ರು. ನಾ ನಿಮ್ಮ ಹೆಸರು ಹೇಳಲಿಲ್ಲರಿ."

ಕಲಬುರಗಿಯಲ್ಲಿ ಆದ ಅವಮಾನ ಇದರ ಮುಂದೆ ಏನೂ ಅಲ್ಲ. ಅಲ್ಲಿ ನಾನು ನಾಚಿದ್ದು ನನ್ನೊಬ್ಬಳ ಸಲುವಾಗಿ. ಇಲ್ಲಿ, ಆ ಹುಡುಗಿ ತರಗತಿಯ ನಡುವೆ ಒಬ್ಬಳೇ ನಿಂತು ನನ್ನ ತಪ್ಪಿಗೆ ನಗೆಗೀಡಾಗಿ, ನನ್ನ ಮಾನವನ್ನೂ ಕಾಪಾಡಿದ್ದಳು. ಅವಳ ಹಾಗೆ ಎಷ್ಟು ಮಕ್ಕಳು ಎಲ್ಲೆಲ್ಲಿ ನಿಂತರೋ.

"ಕುರ್ಚಿ ಮ್ಯಾಲೆ ಕುಂದ್ರು. ನೀ ತಿದ್ದೋತನಕ ನಾ ಇಲ್ಲಿಂದ ಏಳಂಗಿಲ್ಲ" ಎಂದು ನಾನು ಚಾಪೆಯ ಮೇಲೆ ಕುಳಿತೆ. ಅವಳು ಕುರ್ಚಿಯ ಅಂಚಿಗೆ ಕುಳಿತು, ನನ್ನ ಮೊದಲ ವಾಕ್ಯದಲ್ಲೇ ನಿಲ್ಲಿಸಿದಳು. ಎದ್ದು ಹೋಗಿಬಿಡಲೇ ಎನ್ನಿಸುವಷ್ಟು ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಆದರೂ ಕುಳಿತೆ. ಆಮೇಲೆ ಪ್ರತಿ ಭಾನುವಾರ ಕಾಳಗಿಯ ಬಸ್ಸು ಹತ್ತಿದೆ.

ಮುಂದಿನ ವರ್ಷ ಪಾಸಾದೆ, ತರಗತಿಯೂ ತೆರೆಯಿತು. ಆದರೆ ಹಿಂದಿನ ವರ್ಷ ಒಂದನೇ ತರಗತಿಗೆ ಸೇರಬೇಕಿದ್ದ ಮಕ್ಕಳು ಅಷ್ಟರಲ್ಲಿ ವ್ಯಾನು ಹತ್ತಿಯಾಗಿತ್ತು. ಅವರಲ್ಲಿ ಒಬ್ಬರೂ ಹಿಂದಿರುಗಲಿಲ್ಲ.

ನಮ್ಮ ಕಡೆ ಮಾಸ್ತರರಿಗೆ ಸಿಗುವ ಮರ್ಯಾದೆ ದೊಡ್ಡದು. ಆ ಮರ್ಯಾದೆಯೇ ನಮ್ಮ ತಪ್ಪನ್ನು ಮುಚ್ಚಿ ಬೆಚ್ಚಗೆ ಇಡುತ್ತದೆ. ತಪ್ಪನ್ನು ತಿಳಿಯಬೇಕಾದರೆ ನಾವೇ ಕೇಳಿ ಪಡೆಯಬೇಕು. ಇದನ್ನು ಕಲಿಯಲು ನನಗೆ ಇಡೀ ಸರ್ವೀಸು ಬೇಕಾಯಿತು.

ಈಗ ಬಸ್ ಸ್ಟ್ಯಾಂಡಿನಲ್ಲೋ ಬ್ಯಾಂಕಿನಲ್ಲೋ ಹಳೆಯ ವಿದ್ಯಾರ್ಥಿಗಳು ಸಿಗುತ್ತಾರೆ. ತಮ್ಮ ಮಕ್ಕಳ ಮುಂದೆ ಹೆಮ್ಮೆಯಿಂದ ನನ್ನೊಡನೆ ಎರಡು ಮಾತು ಇಂಗ್ಲಿಷಿನಲ್ಲಿ ಆಡುತ್ತಾರೆ. ಆ ಉಚ್ಚಾರ ನನ್ನದೇ. ತಲೆ ತಗ್ಗಿಸಿ ಹೇಳುತ್ತೇನೆ: "ತಮ್ಮಾ, ಅದನ್ನ ನಾ ತಪ್ಪು ಕಲಿಸೀನಿ. ಹಂಗಲ್ಲ, ಹಿಂಗ ಅನ್ಬೇಕು."

ಅವರು ನಗುತ್ತಾರೆ. "ಬಿಡ್ರಿ ಟೀಚರ್, ನೀವು ಕಲಿಸಿದ್ದೇ ಬರೋಬರ್ ಅದ."